ಚೋಸೊನ್ ರಾಜವಂಶದ ಸಿಲ್ಲೊಕ್: ರಚನೆ ಮತ್ತು ಪ್ರತಿರಕ್ಷಣೆ

ಕೊರಿಯಾ ದೇಶವನ್ನು 1392ರಿಂದ ಆಳಿದ ಚೋಸೊನ್ ರಾಜವಂಶವು ಕನ್‌ಫ್ಯೂಷಿಯಸ್ಸನ ತತ್ತ್ವವನ್ನು ರಾಜನೀತಿಯ ತಳಹದಿಯಾಗಿ ಅಂಗೀಕರಿಸಿತ್ತು. ಅರಸನ ನಡೆನುಡಿಗಳನ್ನು ಯಥಾವತ್ತಾಗಿ ಬರೆದಿಟ್ಟು ಮುಂದಿನ ತಲೆಮಾರಿನ ವಿಮರ್ಶೆಗೆ ಒಪ್ಪಿಸುವುದು ಆ ತತ್ತ್ವಕ್ಕನುಗುಣವಾದ ಕರ್ತವ್ಯವೆನಿಸಿತ್ತು. ಇದರ ಫಲವೇ 'ಸಿಲ್ಲೊಕ್', ಎಂದರೆ ಸತ್ಯವೃತ್ತಾಂತ. 1863ರವರೆಗಿನ 25 ಅರಸರ ಚರಿತ್ರೆಯನ್ನೊಳಗೊಂಡ ಈ ಗ್ರಂಥವು ಪ್ರಾಚೀನ ಚೀನೀ ಭಾಷೆಯಲ್ಲಿದ್ದು, 1,893 ಅಧ್ಯಾಯಗಳಷ್ಟು ವಿಸ್ತಾರವಾಗಿದೆ.

ಆಸ್ಥಾನದ ಚರಿತ್ರಕಾರರು ಪ್ರತಿದಿನವೂ ಕರಡು ಬರೆಯುತ್ತಿದ್ದರು. ಅರಸನು ಕಾಲವಾದ ಮೇಲೆಯೇ ಅವುಗಳನ್ನು ಸಂಗ್ರಹಿಸಿ ಸಿಲ್ಲೊಕ್ ರಚಿಸಲಾಗುತ್ತಿತ್ತು. ಕಾರ್ಯವು ಮುಗಿದೊಡನೆ ಕರಡುಗಳನ್ನು ಹೊಳೆಯ ನೀರಿನಲ್ಲಿ ತೊಳೆದು ಮಸಿಯನ್ನು ಅಳಿಸಿ, ಕಾಗದವನ್ನು ಮತ್ತೆ ಕಾಗದದ ತಯಾರಿಕೆಗೆ ಬಳಸುತ್ತಿದ್ದರು. ಪಾಠಸಂಶೋಧಕರಿಗೆ ಇದು ನಷ್ಟವೇ ಸರಿ. ಆದರೆ ಬರೆದವನ ಪ್ರಾಣಕ್ಕೆ ಇದೇ ರಕ್ಷೆಯಾಗಿತ್ತು. 1498ರಲ್ಲಿ ಅರಸ ಯೊನ್ಸಾನ್‌ಗುನ್ ಕರಡಿನಲ್ಲಿದ್ದ ವಿಷಯವನ್ನೇ ಅಪರಾಧವೆಂದು ಗಣಿಸಿ ಚರಿತ್ರಕಾರ ಕಿಮ್ ಇಲ್‌ಸೊನ್‌ನನ್ನು ಕೊಲ್ಲಿಸಿದನು. ಇದಕ್ಕೆ ಮೊದಲು, 1431ರಲ್ಲಿ, ಸೇಜೊಂಗ್ ಅರಸನು ತನ್ನ ತಂದೆಯ ಸಿಲ್ಲೊಕ್ ನೋಡಬಯಸಿದಾಗ ಮಂತ್ರಿ ಮೇಂಗ್ ಸಾಸೊಂಗ್ ಮೊದಲಾದವರು ಸಮ್ಮತಿಸಲಿಲ್ಲ. ಒಬ್ಬ ಅರಸನು ನೋಡಿದರೆ ಮುಂದಿನವರೂ ನೋಡಿ ತಿದ್ದಿಸುವರು, ಚರಿತ್ರಕಾರರು ಅಂಜಿ ಸತ್ಯವನ್ನು ಮರೆಮಾಚುವರು ಎಂಬುದು ಅವರ ವಾದ. ಅರಸನು ಅದನ್ನು ಮನ್ನಿಸಿದನು.

ಗ್ರಂಥದ ಪ್ರತಿಗಳನ್ನು ಸಿಯೋಲ್, ಚುಂಗ್‌ಜು, ಸೊಂಗ್‌ಜು, ಜೊಂಜು ಎಂಬ ನಾಲ್ಕು ಕಡೆಗಳ ಭಂಡಾರಗಳಲ್ಲಿ ಇರಿಸಲಾಗಿತ್ತು. ನಿಯತಕಾಲದಲ್ಲಿ ಹೊರತೆಗೆದು ಗಾಳಿಗೆ ಹರಡುತ್ತಿದ್ದರು. ಹುಳು ಹತ್ತದಂತೆ ಪೆಟ್ಟಿಗೆಗಳಲ್ಲಿ ಮೂಲಿಕೆಗಳ ಪುಡಿಯನ್ನು ಇಡುತ್ತಿದ್ದರು. ನಮ್ಮಲ್ಲಿ ಬಜೆ ಎಂದು ಪ್ರಸಿದ್ಧವಾದ ಬೇರೂ ಅವುಗಳಲ್ಲೊಂದು.

1592ರ ಜಪಾನೀ ದಂಡಯಾತ್ರೆಯಲ್ಲಿ ಮೂರು ಭಂಡಾರಗಳು ನಾಶವಾದವು. ಜೊಂಜುವಿನ ಪ್ರತಿಯನ್ನು ಮಾತ್ರ ಅನ್ ಉಯ್ ಮತ್ತು ಸೊನ್ ಹೊಂಗ್‌ರೊಕ್ ಎಂಬ ವಿದ್ವಾಂಸರು ನೇಜಾಂಗ್ ಪರ್ವತಕ್ಕೆ ಸಾಗಿಸಿ ಕಾಯ್ದರು. ಈ ಏಕೈಕ ಮಾತೃಕೆಯಿಂದಲೇ 1603ರಿಂದ 1606ರವರೆಗೆ ಹೊಸದಾಗಿ ಮೂರು ಪ್ರತಿಗಳನ್ನು ಮುದ್ರಿಸಲಾಯಿತು. ಯುದ್ಧಾನಂತರದ ಅಭಾವದಿಂದಾಗಿ, ತಿದ್ದುಪಡಿಯ ಗುರುತುಗಳುಳ್ಳ ಕರಡಚ್ಚನ್ನೂ ಒಂದು ಪ್ರತಿಯೆಂದೇ ಪರಿಗಣಿಸಿ ಓದೆ ಪರ್ವತದಲ್ಲಿಟ್ಟರು. ಅಲ್ಲಿಂದ ಮುಂದೆ ಭಂಡಾರಗಳಿಗೆ ನಗರಗಳಿಗಿಂತ ದುರ್ಗಮ ಪರ್ವತಗಳನ್ನೂ ದ್ವೀಪವನ್ನೂ ಆರಿಸಿಕೊಂಡದ್ದು ಗಮನಾರ್ಹ.

ಓದೆ ಪ್ರತಿಯನ್ನು 1913ರಲ್ಲಿ ಟೋಕಿಯೊ ಸಾಮ್ರಾಜ್ಯ ವಿಶ್ವವಿದ್ಯಾಲಯಕ್ಕೆ ಒಯ್ಯಲಾಯಿತು. 1923ರ ಭೂಕಂಪದ ಬೆಂಕಿಯಲ್ಲಿ ಅದರ ಬಹುಭಾಗ ಭಸ್ಮವಾಯಿತು. ಉಳಿದವುಗಳಲ್ಲಿ 27 ಸಂಪುಟಗಳು 1932ರಲ್ಲಿಯೂ 47 ಸಂಪುಟಗಳು 2006ರಲ್ಲಿಯೂ ಕೊರಿಯಾಕ್ಕೆ ಮರಳಿದವು. ಅಭಾವದಿಂದ ಉಳಿಸಿಕೊಂಡ ಈ ಪ್ರತಿಯೇ ಇಂದು ವಿಶೇಷ ಬೆಲೆಯುಳ್ಳದ್ದು. ಮೂಲ ಕರಡುಗಳು ನೀರುಪಾಲಾದುದರಿಂದ, ಶೋಧಕರ ಕೈ ಎಲ್ಲಿ ಅಕ್ಷರವನ್ನು ತಿದ್ದಿತು, ಎಲ್ಲಿ ಬಿಟ್ಟುದನ್ನು ಸೇರಿಸಿತು ಎಂಬುದನ್ನು ತೋರುವ ಸಾಕ್ಷ್ಯ ಇದರ ಹಾಳೆಗಳಲ್ಲಿದೆ. ಶುದ್ಧಪ್ರತಿಯು ಪಾಠವನ್ನು ಕೊಡುತ್ತದೆ. ತಿದ್ದಿದ ಪ್ರತಿಯು ಆ ಪಾಠವು ಸಿದ್ಧವಾದ ಬಗೆಯನ್ನು ತಿಳಿಸುತ್ತದೆ. ಗ್ರಂಥಭಂಡಾರಗಳಲ್ಲಿ ಅಶುದ್ಧವೆಂದು ಬದಿಗಿರಿಸಿದ ಪ್ರತಿಗಳನ್ನು ಪರಿಶೀಲಿಸುವವರು ಈ ಭೇದವನ್ನು ಮರೆಯಲಾಗದು.