ನಾಲ್ಕು ಪಾಸ್‌ಬುಕ್, ಆರು ನದಿ

ಶ್ರೀನಿವಾಸಪುರಕ್ಕೆ ನಾನು ಹೋಗಿದ್ದು ಮಾವಿನ ಬಗ್ಗೆ ಬರೆಯಲು. 2025ರ ಜೂನ್. ತೋತಾಪುರಿ ಬೆಲೆ ನೆಲ ಕಚ್ಚಿತ್ತು, ಚಿತ್ತೂರು ಕಡೆಯ ಕಾರ್ಖಾನೆಗಳಿಗೆ ನಮ್ಮ ಹಣ್ಣು ಬರಕೂಡದೆಂದು ಆಂಧ್ರದವರು ಗಡಿಯಲ್ಲಿ ತಡೆ ಹಾಕಿದ್ದರು. ಮಂಡಿಯಲ್ಲಿ ರೈತರ ಮುಖ ನೋಡುವಂತಿರಲಿಲ್ಲ. ಅಲ್ಲಿ ಸಿಕ್ಕ ಒಬ್ಬ ಬೆಳೆಗಾರ, ‘ತೋಟ ನೋಡಿ ಬರೀರಿ ಸಾರ್, ಮಂಡಿ ನೋಡಿ ಬರೀಬ್ಯಾಡಿ’ ಎಂದು ಬೈಕಿನ ಹಿಂದೆ ಕೂರಿಸಿಕೊಂಡು ಊರಿಗೆ ಕರೆದೊಯ್ದ. ಅಲ್ಲಿಗೆ ಮಾವಿನ ಲೇಖನ ಕೆಟ್ಟಿತು.

ಕೆಡಿಸಿದ್ದು ಅವನ ತಾಯಿ. ಸಾಲದ ಮಾತು ಬಂದಾಗ ಆ ಅಜ್ಜಿ ಒಳಗೆ ಹೋಗಿ ತಗಡಿನ ಟ್ರಂಕು ತೆಗೆದು, ಅರಿಶಿನ ದಾರದಲ್ಲಿ ಕಟ್ಟಿದ ನಾಲ್ಕು ಪಾಸ್‌ಬುಕ್ ತಂದು ನನ್ನ ಮುಂದಿಟ್ಟರು. ‘ನೋಡಪ್ಪ, ನಾನು ಒಂದೇ ಬ್ಯಾಂಕಿಗೆ ಓಗಿರೋದು. ಒಂದೇ ಬಾಗ್ಲು. ಇದ್ಯಾಕೆ ನಾಕು ಎಸ್ರು?’

ಕೆಳಗಿನದು ಕೋಲಾರ ಗ್ರಾಮೀಣ ಬ್ಯಾಂಕ್. ಅದರ ಮೇಲೆ ಪ್ರಗತಿ ಗ್ರಾಮೀಣ ಬ್ಯಾಂಕ್. ಅದರ ಮೇಲೆ ಪ್ರಗತಿ ಕೃಷ್ಣಾ ಗ್ರಾಮೀಣ ಬ್ಯಾಂಕ್. ಎಲ್ಲಕ್ಕೂ ಮೇಲೆ ಕರ್ನಾಟಕ ಗ್ರಾಮೀಣ ಬ್ಯಾಂಕ್. ಪ್ರತಿ ಹೆಸರಿನದೂ ಒಂದೊಂದನ್ನು ಅಜ್ಜಿ ಉಳಿಸಿಕೊಂಡಿದ್ದಾರೆ. ಯಾರಾದರೂ ‘ಆ ಬ್ಯಾಂಕ್ ಈಗ ಇಲ್ಲ’ ಎಂದರೆ ತೋರಿಸಲು ಒಂದು ಪುರಾವೆ ಇರಲಿ ಅಂತ.

ಮೊದಲ ಪುಸ್ತಕವನ್ನು ನಾನು ಬಹಳ ಹೊತ್ತು ನೋಡಿದೆ. ನೀಲಿ ಶಾಯಿಯ ಕೈಬರಹ, ಮೂರೇ ಅಂಕಿಯ ಖಾತೆ ಸಂಖ್ಯೆ, ಪ್ರತಿ ಸಾಲಿನ ಕೊನೆಗೆ ಇರುವೆ ಹರಿದಂಥ ಒಂದು ಚುಟುಕು ಸಹಿ. ಕಟ್ಟಿದ್ದು 50 ರೂಪಾಯಿಯಾದರೂ ಸಹಿ ಬಿಟ್ಟಿಲ್ಲ. ಎರಡನೆಯದರ ನಡುವಿನಲ್ಲಿ ಕೈಬರಹ ನಿಂತು ಪ್ರಿಂಟರಿನ ಚುಕ್ಕಿ ಅಕ್ಷರ ಶುರುವಾಗುತ್ತದೆ, ಸಹಿ ಮಾಯವಾಗುತ್ತದೆ, ಖಾತೆ ಸಂಖ್ಯೆ ರೈಲಿನಷ್ಟು ಉದ್ದವಾಗುತ್ತದೆ. ನಾಲ್ಕನೆಯದರಲ್ಲಿ ಪಿಎಂ ಕಿಸಾನ್ 2,000, ಗೃಹಲಕ್ಷ್ಮಿ 2,000, ಹದಿನೈದು ದಿನಕ್ಕೊಮ್ಮೆ ಹಾಲಿನ ಬಟವಾಡೆ. ದುಡ್ಡು ಎಲ್ಲೂ ಹೋಗಿಲ್ಲ. ಒಂದು ಪುಸ್ತಕದ ಕೊನೆಯ ಬಾಕಿ ಮುಂದಿನದರ ಮೊದಲ ಸಾಲಿಗೆ ಪೈಸೆ ಬಿಡದೆ ಬಂದು ಕೂತಿದೆ. ನಾನೇ ಬೆರಳಿಟ್ಟು ನೋಡಿದೆ.

ಅಜ್ಜಿಗೆ ಗೊತ್ತಿಲ್ಲದ ಐದನೆಯ ಬ್ಯಾಂಕೂ ಒಂದಿದೆ. ಅದನ್ನು ಆಮೇಲೆ ಹೇಳುತ್ತೇನೆ.

ಗ್ರಾಮೀಣ ಬ್ಯಾಂಕುಗಳ ಕಥೆ ಓದುಗರಿಗೆ ಹೊಸದಲ್ಲ. 1975ರ ಅಕ್ಟೋಬರ್ 2ರಂದು ಐದರಿಂದ ಶುರುವಾಗಿ, ಒಂದು ಕಾಲಕ್ಕೆ ದೇಶದಲ್ಲಿ 196 ಇದ್ದವು. ಬಂಡವಾಳದಲ್ಲಿ ಕೇಂದ್ರದ್ದು ಶೇ 50, ಪ್ರಾಯೋಜಕ ಬ್ಯಾಂಕಿನದು 35, ರಾಜ್ಯದ್ದು 15. ಬಡವರಿಗೆ ಸಣ್ಣ ಸಾಲ ಕೊಟ್ಟು ಕೊಟ್ಟು ಅನೇಕವು ನಷ್ಟಕ್ಕೆ ಬಿದ್ದವು. 2005ರಿಂದ ಕೂಡಿಸುವ ಕೆಲಸ ಶುರುವಾಯಿತು. 196 ಇದ್ದದ್ದು 82 ಆಯಿತು, ಆಮೇಲೆ 56, ಆಮೇಲೆ 43, 2025ರ ಮೇ 1ಕ್ಕೆ 28. ಕೋಲಾರದ ಪಾಲಿಗೆ ಇದು ನಾಲ್ಕು ಸಲ ನಡೆಯಿತು. ಕೆನರಾ ಬ್ಯಾಂಕ್ ಪ್ರಾಯೋಜಿಸಿದ್ದ ತುಂಗಭದ್ರಾ, ಚಿತ್ರದುರ್ಗ, ಸಹ್ಯಾದ್ರಿ ಬ್ಯಾಂಕುಗಳ ಜತೆ ಕೋಲಾರವನ್ನೂ ಸೇರಿಸಿ 2005ರಲ್ಲಿ ‘ಪ್ರಗತಿ’ ಮಾಡಿದರು. 2013ರಲ್ಲಿ ಕಲಬುರಗಿಯ ಕೃಷ್ಣಾ ಗ್ರಾಮೀಣ ಬ್ಯಾಂಕ್ ಬಂದು ಸೇರಿತು. 2019ರಲ್ಲಿ ಕಾವೇರಿ ಗ್ರಾಮೀಣ ಬ್ಯಾಂಕ್ ಸೇರಿ ಕರ್ನಾಟಕ ಗ್ರಾಮೀಣವಾಯಿತು. 2025ರಲ್ಲಿ ಧಾರವಾಡದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ ಸೇರಿತು. ಕೇಂದ್ರ ಕಚೇರಿ ಬಳ್ಳಾರಿ.

ಈಗ ನನ್ನ ತಲೆಗೆ ಹತ್ತಿದ ಹುಳದ ಮಾತು. ಸಂಪಾದಕರು ಕತ್ತರಿ ಹಾಕದಿದ್ದರೆ ಇದು ಉಳಿದೀತು.

ಕೋಲಾರಕ್ಕೆ ವರ್ಷವಿಡೀ ಹರಿಯುವ ನದಿ ಇಲ್ಲ. ಪಾಲಾರ್ ನಕ್ಷೆಯಲ್ಲಿದೆ, ಹೊಳೆಯಲ್ಲಿ ಮರಳಿದೆ. ಇಲ್ಲಿನವರು ಕೆರೆ ನಂಬಿದವರು, ಕೆರೆ ಒಣಗಿದ ಮೇಲೆ ಸಾವಿರಾರು ಅಡಿ ಬೋರ್ ನಂಬಿದವರು. ಆದರೆ ಗ್ರಾಮೀಣ ಬ್ಯಾಂಕುಗಳಿಗೆ ಹೆಸರಿಟ್ಟ ಪುಣ್ಯಾತ್ಮರಿಗೆ ನದಿಯ ಮೋಹ. ಅಜ್ಜಿಯ ಖಾತೆಗೆ 2005ರಲ್ಲಿ ತುಂಗಭದ್ರೆ ಬಂದಳು. 2013ರಲ್ಲಿ ಕೃಷ್ಣೆ ಬಂದಳು, ಅದೂ ಗುಪ್ತವಾಗಿ ಅಲ್ಲ, ಪಾಸ್‌ಬುಕ್ಕಿನ ತಲೆಯ ಮೇಲೇ ಕೂತು. 2019ರಲ್ಲಿ ಕಾವೇರಿ. ಇನ್ನು ಧಾರವಾಡದ ವಿಕಾಸ ಬ್ಯಾಂಕಿನ ಹೊಟ್ಟೆಯೊಳಗೆ ಯಾರಿದ್ದರು ನೋಡಿ: 2005ರಲ್ಲಿ ಅದು ಹುಟ್ಟಿದ್ದೇ ಮಲಪ್ರಭಾ, ವರದಾ, ನೇತ್ರಾವತಿ ಮತ್ತು ಬಿಜಾಪುರ ಗ್ರಾಮೀಣ ಬ್ಯಾಂಕುಗಳು ಕೂಡಿ. ಅಲ್ಲಿಗೆ ಆರು ನದಿ ಕೋಲಾರಕ್ಕೆ ಹರಿದಂತಾಯಿತು! ನೇತ್ರಾವತಿಯ ತಲೆಹೊಳೆಯ ನೀರನ್ನು ಈ ಜಿಲ್ಲೆಗೆ ತರುತ್ತೇವೆಂದು ಎತ್ತಿನಹೊಳೆ ಯೋಜನೆಗೆ ಕಲ್ಲು ಹಾಕಿದ್ದು 2014ರಲ್ಲಿ. ಸಕಲೇಶಪುರದ ಬಳಿ ಮೊದಲ ಹಂತದ ಪಂಪು ತಿರುಗಿದ್ದು 2024ರಲ್ಲಿ. ನಿಜವಾಗಿ ಕೋಲಾರದ ಕೆರೆಗಳಿಗೆ ಬಂದದ್ದು 2018ರಲ್ಲಿ, ಬೆಂಗಳೂರಿನ ಚರಂಡಿ ನೀರನ್ನು ಶುದ್ಧೀಕರಿಸಿದ ಕೆ.ಸಿ. ವ್ಯಾಲಿಯ ನೀರು. ನೇತ್ರಾವತಿ ಪಾಸ್‌ಬುಕ್ಕಿನ ದಾರಿ ಹಿಡಿದು ಮೊದಲೇ ಬಂದುಬಿಟ್ಟಿದ್ದಾಳೆ. ಇದನ್ನು ಅಜ್ಜಿಗೆ ಹೇಳಿದೆ. ‘ಎಸ್ರು ಬಂದ್ರೆ ಸಾಲ್ದು, ಬೋರಿಗೆ ಬರ್ಲಿ’ ಎಂದರು.

ಐದನೆಯ ಬ್ಯಾಂಕಿನ ವಿಷಯ. 2019ರ ಬ್ಯಾಂಕಿನ ಹೆಸರು ಇಂಗ್ಲಿಷಿನಲ್ಲಿ ‘ಕರ್ನಾಟಕ ಗ್ರಾಮಿನ್ ಬ್ಯಾಂಕ್’. 2025ರದ್ದು ‘ಕರ್ನಾಟಕ ಗ್ರಾಮೀಣ ಬ್ಯಾಂಕ್’. ಇಂಗ್ಲಿಷಿನಲ್ಲಿ ಎರಡು ಕಾಗುಣಿತ, ಕನ್ನಡದಲ್ಲಿ ಒಂದೇ. ಎರಡು ದೊಡ್ಡ ಬ್ಯಾಂಕು ಕೂಡಿ, ಸುಮಾರು 1,750 ಶಾಖೆಯ ಹೊಸ ಸಂಸ್ಥೆ ಹುಟ್ಟಿದರೂ ಅಜ್ಜಿ ಓದುವ ಬೋರ್ಡಿನಲ್ಲಿ ಏನೂ ಆಗಲಿಲ್ಲ. ಅದೂ ಮೇ 1, ಕಾರ್ಮಿಕರ ದಿನ, ಬ್ಯಾಂಕಿಗೆ ರಜೆ. ಹಿಂದಿನ ಸಲ ಏಪ್ರಿಲ್ 1, ವಾರ್ಷಿಕ ಲೆಕ್ಕದ ದಿನ, ಅಂದೂ ಗಿರಾಕಿಗಳಿಗೆ ಬಾಗಿಲು ಹಾಕಿರುತ್ತದೆ. ಜನ ಗಾಬರಿಯಾಗದಂತೆ ನೋಡಿಕೊಳ್ಳಲು ಇದಕ್ಕಿಂತ ಒಳ್ಳೆಯ ಉಪಾಯ ಯಾವ ಸುತ್ತೋಲೆಯಲ್ಲೂ ನನಗೆ ಕಂಡಿಲ್ಲ, ಯಾರೂ ಉದ್ದೇಶಪೂರ್ವಕವಾಗಿ ಮಾಡಿದ್ದಲ್ಲದಿದ್ದರೂ.

ಇನ್ನೊಂದು ತಮಾಷೆ ಐಎಫ್‌ಎಸ್‌ಸಿ ಕೋಡಿನದು. ಪ್ರಗತಿ ಕೃಷ್ಣಾ ಎಂಬ ಹೆಸರು 2019ರಲ್ಲಿ ಬೋರ್ಡಿನಿಂದ ಇಳಿಯಿತು, ಆದರೆ ‘ಪಿಕೆಜಿಬಿ’ ಎಂಬ ನಾಲ್ಕು ಅಕ್ಷರ ಕೋಡಿನಲ್ಲಿ ಹಾಗೇ ಕೂತಿತು. ತೀರಿಹೋದವರ ಹೆಸರಿನಲ್ಲೇ ಕರೆಂಟ್ ಬಿಲ್ ಬರುತ್ತದಲ್ಲ, ಹಾಗೆ. ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾದೊಳಗೆ ಸೇರಿದಾಗ ಹಾಗಾಗಲಿಲ್ಲ. ಹಳೆಯ ಕೋಡುಗಳನ್ನು 2021ರ ನಡುವೆ ಪೂರ್ತಿ ನಿಲ್ಲಿಸಿದರು, ಹಳೆಯ ಶಾಖೆ ಸಂಖ್ಯೆಗೆ ಹತ್ತು ಸಾವಿರ ಕೂಡಿಸಿದರೆ ಹೊಸದು ಸಿಗುತ್ತಿತ್ತು. ಲೆಕ್ಕ ಸುಲಭ, ಗೊತ್ತಿದ್ದವರಿಗೆ. ನನ್ನದೂ ಒಂದು ಖಾತೆ ಒಮ್ಮೆ ಹೀಗೆ ಕೈ ಬದಲಾಯಿಸಿತು, ಬ್ಯಾಂಕಿನ ಹೆಸರು ಬೇಡ. ಹಳೆಯ ಚೆಕ್ಕು ಕೊಟ್ಟು ಮನೆ ಮಾಲೀಕರ ಮುಂದೆ ತಲೆ ತಗ್ಗಿಸಿ ನಿಂತಿದ್ದು ನೆನಪಿದೆ. ಮೆಸೇಜು ಬಂದಿತ್ತಂತೆ. ಬಂದಿತ್ತು, ಲಾಟರಿ ಗೆದ್ದಿದ್ದೀರಿ ಎನ್ನುವ ಮೆಸೇಜುಗಳ ನಡುವೆ.

ಶ್ರೀನಿವಾಸಪುರದಿಂದ ನಾನು ಮುಳಬಾಗಿಲಿಗೆ ಹೋದೆ, ದೋಸೆಗಾಗಿ ಎಂದು ಹೇಳಿದರೆ ಸುಳ್ಳಾಗದು. ಅಲ್ಲಿ ಒಬ್ಬ ನಿವೃತ್ತ ಕ್ಯಾಶಿಯರ್ ಇದ್ದಾರೆಂದು ಅಜ್ಜಿಯ ಮಗ ವಿಳಾಸ ಕೊಟ್ಟಿದ್ದ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ನಾಲ್ಕೂ ಕಡೆ ಕೌಂಟರಿನಲ್ಲಿ ಕೂತು ಬಂದವರು. 2005ರ ವಿಲೀನವನ್ನು ಒಳಗಿನಿಂದ ಕಂಡವರು.

‘ಮೊದಲನೇ ತಪ್ಪು ಆ ಪದ ಸಾರ್,’ ಎಂದರು. ‘ವಿಲೀನ! ಪೇಪರಿನಲ್ಲಿ ಯಾರಾದ್ರೂ ತೀರ್ಕೊಂಡ್ರೆ ಪಂಚಭೂತಗಳಲ್ಲಿ ಲೀನ ಅಂತ ಬರೀತೀರಲ್ಲ ನೀವು. ನಮ್ ಬ್ಯಾಂಕ್ ಲೀನ ಆಯ್ತು ಅಂದ್ರೆ ಜನ ಏನಂದ್ಕೋಬೇಕು?’ ನೋಟಿಸ್ ಬೋರ್ಡಿಗೆ ಅಂಟಿಸಿದ ಕಾಗದ ಯಾರೂ ಓದಲಿಲ್ಲ. ಓದಿದವರು ಹೆದರಿದರು. ಕೊನೆಗೆ ಇವರು ಕೌಂಟರಿನಲ್ಲಿ ಆ ಪದ ಬಿಟ್ಟು ‘ಕೂಡ್ಕೊಂಡಿದೀವಿ’ ಎಂದರು. ಗಡಿ ಕಡೆಯವರಿಗೆ ತೆಲುಗಿನಲ್ಲಿ, ‘ಮೀ ಡಬ್ಬುಲು ಎಕ್ಕಡಿಕೀ ಪೋವು’, ನಿಮ್ಮ ದುಡ್ಡು ಎಲ್ಲಿಗೂ ಹೋಗೋದಿಲ್ಲ.

ಜನ ಕೇಳುತ್ತಿದ್ದುದು ಎರಡೇ ಪ್ರಶ್ನೆಯಂತೆ. ಇಟ್ಟ ದುಡ್ಡು ಇರುತ್ತಾ? ತಗೊಂಡ ಸಾಲ ಹೋಗುತ್ತಾ? ಮೊದಲನೆಯದಕ್ಕೆ ಹೌದು ಎಂದಾಗ ಇಳಿದ ಮುಖದ ಬಿಗುವು ಎರಡನೆಯದಕ್ಕೆ ಇಲ್ಲ ಎಂದಾಗ ವಾಪಸ್ ಬರುತ್ತಿತ್ತು.

ಆದರೆ ಹೆಚ್ಚು ಕಷ್ಟ ಕೊಟ್ಟದ್ದು ಮೂರನೆಯ ಪ್ರಶ್ನೆ, ಅದು ಸುತ್ತೋಲೆ ಬರೆದ ಯಾರಿಗೂ ಹೊಳೆದಿರಲಿಲ್ಲ. ಒಡವೆ. ಕೇಂದ್ರ ಕಚೇರಿ ಬಳ್ಳಾರಿ ಎಂದು ಗೊತ್ತಾದ ವಾರ ಒಬ್ಬ ಹೆಂಗಸು ಬಂದು ಕೌಂಟರ್ ಹಿಡಿದು ನಿಂತಳಂತೆ. ಅಡ ಇಟ್ಟದ್ದು ಒಂದು ಜತೆ ಓಲೆ, ಒಂದೆಳೆ ಸರ. ಮುಂದಿನ ತಿಂಗಳು ಮಗಳ ಮದುವೆ. ‘ಅದನ್ನೂ ಬಳ್ಳಾರಿಗೆ ಕಳಿಸಿಬಿಟ್ರಾ?’ ಇಲ್ಲಮ್ಮ, ಇಲ್ಲೇ ಇದೆ ಎಂದರೆ ನಂಬಲೊಲ್ಲಳು. ಪತ್ರ ತೋರಿಸಿದರು. ಓದು ಬಾರದು. ಮೇನೇಜರು ಬಂದು ಹೇಳಿದರು. ಅವರು ಬಂದು ಮೂರು ತಿಂಗಳಾಗಿತ್ತು ಅಷ್ಟೆ, ಅವರ ಮಾತು ನಡೆಯಲಿಲ್ಲ. ಕಡೆಗೆ ಇಬ್ಬರೂ ತಮ್ಮ ತಮ್ಮ ಕೀಲಿ ತಂದು ಸ್ಟ್ರಾಂಗ್ ರೂಮ್ ತೆಗೆದು, ಅವಳ ಸಾಲದ ನಂಬರಿನ ಚೀಟಿ ಕಟ್ಟಿದ ಚಿಕ್ಕ ಬಟ್ಟೆ ಚೀಲವನ್ನು ಹೊರತಂದು, ಕೌಂಟರಿನ ಈಚೆಯಿಂದ ತೋರಿಸಿದರು. ಮೊಹರು ಒಡೆಯಲಿಲ್ಲ. ಅವಳು ಚೀಲ ಮುಟ್ಟಿ, ಬಟ್ಟೆಯ ಮೇಲಿನಿಂದಲೇ ಬೆರಳಲ್ಲಿ ಒತ್ತಿ ಓಲೆಯ ಆಕಾರ ಹುಡುಕಿ, ‘ಅದೇ’ ಎಂದು ಹೊರಟುಹೋದಳು.

‘ಮಾರನೇ ದಿನದಿಂದ ಒಡವೆ ಕೇಳಿಕೊಂಡು ಒಬ್ಬರೂ ಬರಲಿಲ್ಲ. ಅವಳೇ ಎಲ್ಲರಿಗೂ ಹೇಳಿಬಿಟ್ಟಿದ್ದಳು.’

ಇಷ್ಟಕ್ಕೂ ಕಾನೂನು ಈ ಹೆಂಗಸಿನ ಪರವಾಗೇ ಇತ್ತು. ಗ್ರಾಮೀಣ ಬ್ಯಾಂಕು ಕಾಯ್ದೆಯ 23ಎ ಕಲಂ ಪ್ರಕಾರ ಕೇಂದ್ರ ಸರ್ಕಾರ ನಬಾರ್ಡ್, ರಾಜ್ಯ ಮತ್ತು ಪ್ರಾಯೋಜಕ ಬ್ಯಾಂಕನ್ನು ಕೇಳಿ ಅಧಿಸೂಚನೆ ಹೊರಡಿಸುತ್ತದೆ. ಆಸ್ತಿ, ಹೊಣೆ, ಠೇವಣಿ, ಅಡ ಎಲ್ಲವೂ ಹೊಸ ಬ್ಯಾಂಕಿಗೆ ಬರುತ್ತವೆ, ನೌಕರರು ಅದೇ ಸಂಬಳ, ಅದೇ ಷರತ್ತಿನ ಮೇಲೆ ಮುಂದುವರಿಯುತ್ತಾರೆ. ಠೇವಣಿ ವಿಮೆ 2020ರ ಫೆಬ್ರುವರಿಯಿಂದ ಒಂದು ಲಕ್ಷದ ಬದಲು ಐದು ಲಕ್ಷ. ಇಲ್ಲೊಂದು ಸಣ್ಣ ಕೊಕ್ಕೆ ಇದೆ: ಆ ವಿಮೆ ಬ್ಯಾಂಕಿಗೊಂದು. ಎರಡು ಬ್ಯಾಂಕಿನಲ್ಲಿ ದುಡ್ಡು ಹಂಚಿಟ್ಟ ಜಾಣರು, ಅವೆರಡೂ ಒಂದಾದಾಗ ಮತ್ತೆ ಒಂದೇ ಐದು ಲಕ್ಷಕ್ಕೆ ಬಂದು ನಿಲ್ಲುತ್ತಾರೆ. ಸರ್ಕಾರಿ ಪಾಲಿರುವ ಬ್ಯಾಂಕುಗಳಲ್ಲಿ ಇದನ್ನು ನೆನೆಸಿಕೊಂಡು ನಿದ್ದೆ ಕೆಡಿಸಿಕೊಳ್ಳಬೇಕಿಲ್ಲ.

ನಿದ್ದೆ ಕೆಟ್ಟದ್ದು ನೌಕರರದು. ‘ಅದೇ ಷರತ್ತು’ ಎಂಬ ಮಾತಿನೊಳಗೆ ಊರು ಬರುವುದಿಲ್ಲ. ಕೋಲಾರ ಬ್ಯಾಂಕಿನಲ್ಲಿ ವರ್ಗ ಅಂದರೆ ಮಾಲೂರಿನಿಂದ ಮುಳಬಾಗಿಲು, ಬಸ್ಸಿನಲ್ಲಿ ಹೋಗಿ ರಾತ್ರಿ ಊಟಕ್ಕೆ ಮನೆ. ಪ್ರಗತಿಯಾದ ಮೇಲೆ ನಕ್ಷೆ ಬಳ್ಳಾರಿವರೆಗೆ ಹಿಗ್ಗಿತು, ಕೃಷ್ಣೆ ಬಂದ ಮೇಲೆ ಕಲಬುರಗಿವರೆಗೆ. ಜ್ಯೇಷ್ಠತೆಯ ಪಟ್ಟಿಯಲ್ಲಿ ಯಾರ ಮೇಲೆ ಯಾರು ಎಂಬ ಜಗಳ ಬೇರೆ. ಗ್ರಾಮೀಣ ಬ್ಯಾಂಕಿನವರಿಗೆ ಇಂಥ ಕಾಯುವಿಕೆ ಹೊಸದೇನಲ್ಲ. ಪ್ರಾಯೋಜಕ ಬ್ಯಾಂಕಿನವರಷ್ಟೇ ಸಂಬಳ ಎಂದು 1990ರಲ್ಲಿ ನ್ಯಾಯಮಂಡಳಿ ಹೇಳಬೇಕಾಯಿತು, ಪಿಂಚಣಿ ಸಿಗಲು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ಹಾಗಾಗಿ ಮೇಲಿನಿಂದ ‘ಯಾರೂ ಆತಂಕ ಪಡಬೇಕಿಲ್ಲ’ ಎಂಬ ಕಾಗದ ಬಂದರೆ ಇವರು ಮೊದಲು ಮಾಡುತ್ತಿದ್ದದ್ದು ಆತಂಕ ಪಡುವುದು. ಬೆಳಿಗ್ಗೆ ಹತ್ತಕ್ಕೆ ಅದೇ ಬಾಯಲ್ಲಿ ಗಿರಾಕಿಗೆ ಧೈರ್ಯ ಹೇಳುವುದು.

ವಿಲೀನದಿಂದ ಒಳ್ಳೆಯದಾಗಿಲ್ಲವೇ? ಆಗಿದೆ. ಕೆಲವೇ ತಾಲ್ಲೂಕಿನ ಮಳೆ ನಂಬಿಕೊಂಡ ಬ್ಯಾಂಕು ಒಂದು ಬರಗಾಲಕ್ಕೆ ಕುಸಿಯಬಹುದು, ರಾಜ್ಯದಗಲ ಇರುವುದು ಅಷ್ಟು ಬೇಗ ಕುಸಿಯದು. ಇದನ್ನು ನಾನು ಒಪ್ಪುತ್ತೇನೆ. ಆದರೂ ಜಿಲ್ಲೆಯ ಹೆಸರಿನ ಒಂದು ಬ್ಯಾಂಕು ಇತ್ತಲ್ಲ ಎಂಬ ಚುಚ್ಚು ಹೋಗದು. ಇದೇ ಸೀಮೆಯ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರ ಕಾಲದಲ್ಲಿ, 1913ರಲ್ಲಿ ಹುಟ್ಟಿದ ಮೈಸೂರು ಬ್ಯಾಂಕು 2017ರಲ್ಲಿ ಸ್ಟೇಟ್ ಬ್ಯಾಂಕಿನೊಳಗೆ ಹೋಯಿತು, ಆದರೆ ಬೆಂಗಳೂರಿನಲ್ಲಿ ಮೈಸೂರ್ ಬ್ಯಾಂಕ್ ಸರ್ಕಲ್ ಎಂದೇ ಬಸ್ ನಿಲ್ಲುತ್ತದೆ. ಕೋಲಾರ ಗ್ರಾಮೀಣಕ್ಕೆ ಒಂದು ಸ್ಟಾಪೂ ಸಿಗಲಿಲ್ಲ. ಕೋಲಾರಮ್ಮನ ಗುಡಿಯಲ್ಲಿ ನೆಲದೊಳಗೆ ಕೊರೆದ ಒಂದು ಹುಂಡಿಯಿದೆ. ಶತಮಾನಗಳಿಂದ ಜನ ಕಾಸು ಹಾಕುತ್ತಲೇ ಇದ್ದಾರೆ, ಯಾರೂ ತೆಗೆದಿಲ್ಲವೆಂದು ಊರವರು ಹೇಳುತ್ತಾರೆ. ಹೆಸರು ಬದಲಾಗದ ಠೇವಣಿ ಕೇಂದ್ರ ಈ ಜಿಲ್ಲೆಯಲ್ಲಿ ಅದೊಂದೇ ಇರಬೇಕು. ಬಡ್ಡಿ ಎಷ್ಟೋ ಕೇಳಲಿಲ್ಲ.

ಕ್ಯಾಶಿಯರ್ ಮನೆಯ ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದಾಗ ಮುಂದೆ ಒಂದು ಬೈಕು ನಿಂತಿತು. ಟೊಮೆಟೊ ಕ್ರೇಟು ಕಟ್ಟಿಕೊಂಡವನು, ಇಂಜಿನ್ ಆರಿಸಲಿಲ್ಲ. ‘ಸಾರ್, ಮತ್ತೆ ಬ್ಯಾಂಕ್ ಬದಲಾಯ್ತಂತೆ? ಧಾರವಾಡದೋರು ಬಂದವ್ರಂತೆ?’

ಇವರು ನಿವೃತ್ತರಾಗಿ ವರ್ಷಗಳಾಗಿವೆ. ಹೊಸ ಬ್ಯಾಂಕಿನಲ್ಲಿ ಇವರದು ಪಿಂಚಣಿ ಖಾತೆ ಬಿಟ್ಟರೆ ಬೇರೇನೂ ಇಲ್ಲ. ಲೋಟ ಕೆಳಗಿಡದೆ ಅಂದರು: ‘ಎಕ್ಕಡಿಕೀ ಪೋವು ರಾ. ಕಂತು ಕಟ್ಟಿದೀಯಾ ಮೊದ್ಲು ಹೇಳು.’

ಬೈಕು ಹೊರಟಿತು.