ಕಾಣದ, ಕೇಳದ ಮಗುವಿಗೆ ಮೊದಲ ಮಾತು

ಕಣ್ಣೂ ಕಾಣದ ಕಿವಿಯೂ ಕೇಳದ ಮಗುವಿಗೆ ಮಾತು ಕಲಿಸಿದ್ದು ಎಂದ ಕೂಡಲೇ ನಮಗೆಲ್ಲ ನೆನಪಾಗುವುದು ಹೆಲೆನ್ ಕೆಲ್ಲರ್. 1887ರ ಏಪ್ರಿಲ್ 5ರಂದು ಅಮೆರಿಕದ ಟಸ್ಕಂಬಿಯಾ ಊರಿನಲ್ಲಿ, ಪಂಪಿನ ನೀರು ಆಕೆಯ ಒಂದು ಕೈಮೇಲೆ ಸುರಿಯುತ್ತಿದ್ದಾಗ ಶಿಕ್ಷಕಿ ಆನ್ ಸಲಿವನ್ ಇನ್ನೊಂದು ಕೈಯಲ್ಲಿ ಬೆರಳಕ್ಷರಗಳಿಂದ ‘ನೀರು’ ಎಂದು ಬರೆದರು. ಪ್ರತಿ ವಸ್ತುವಿಗೂ ಒಂದು ಹೆಸರಿದೆ ಎಂಬುದು ಹುಡುಗಿಗೆ ಆ ಕ್ಷಣದಲ್ಲಿ ಹೊಳೆಯಿತು.

ಇದು ನಡೆದದ್ದೇ. ಆದರೆ ಹೆಲೆನ್ ಹುಟ್ಟಿನಿಂದ ಹಾಗಿರಲಿಲ್ಲ. 19 ತಿಂಗಳಾಗುವವರೆಗೆ ಆಕೆ ಕಂಡಿದ್ದಳು, ಕೇಳಿದ್ದಳು, ಒಂದೆರಡು ತೊದಲು ಮಾತನ್ನೂ ಆಡಿದ್ದಳು. ಸಲಿವನ್ ಬರುವಷ್ಟರಲ್ಲಿ ಮನೆಯವರೊಡನೆ ಬಳಸಲು ಅರವತ್ತರಷ್ಟು ಸನ್ನೆಗಳನ್ನು ತಾನೇ ಕಟ್ಟಿಕೊಂಡಿದ್ದಳು. ಹೆಸರುಗಳು ಬಂದದ್ದು ಅದಾದ ಮೇಲೆ. ಹುಟ್ಟುವಾಗಲೇ ಎರಡೂ ಇಂದ್ರಿಯ ಇಲ್ಲದ ಮಗುವಿಗೆ ಅಕ್ಷರದಿಂದ ಶುರುಮಾಡಿದರೆ ಏನೂ ದಕ್ಕುವುದಿಲ್ಲ. ಅಲ್ಲಿ ಮೊದಲು ಹುಟ್ಟಬೇಕಾದದ್ದು ‘ಮುಂದೇನು’ ಎಂಬ ನಿರೀಕ್ಷೆ.

ಸಕಲೇಶಪುರದ ಹೆತ್ತೂರು ಕಡೆಯೋ ಆಲೂರಿನ ಕೆಂಚಮ್ಮನ ಹೊಸಕೋಟೆ ಕಡೆಯೋ ಒಂದು ಕಾಫಿ ತೋಟದ ಲೈನ್ ಮನೆಯಲ್ಲಿ ಇಂಥ ಮೂರು ವರ್ಷದ ಮಗುವಿದೆ ಎಂದಿಟ್ಟುಕೊಳ್ಳೋಣ. ಬೇರೆ ಮಗುವಾದರೆ ಬಚ್ಚಲ ಒಲೆಯ ಬೆಂಕಿ ನೋಡಿ, ಹಂಡೆಯ ಸದ್ದು ಕೇಳಿ ಸ್ನಾನದ ಹೊತ್ತಾಯಿತೆಂದು ತಿಳಿಯುತ್ತದೆ, ಬೇಡವಾದರೆ ಓಡುತ್ತದೆ. ಈ ಮಗುವಿಗೆ ಆ ಮುನ್ಸೂಚನೆ ಯಾವುದೂ ಇಲ್ಲ. ಎಲ್ಲಿಂದಲೋ ಎರಡು ಕೈ ಬಂದು ಎತ್ತುತ್ತವೆ, ಬಟ್ಟೆ ಕಳಚುತ್ತವೆ, ಮೈಮೇಲೆ ಬಿಸಿನೀರು ಬೀಳುತ್ತದೆ. ಎಲ್ಲಿಂದಲೋ ಒಂದು ತುತ್ತು ಬಾಯಿಗೆ ಬರುತ್ತದೆ. ಅದು ಕಿರುಚಿದರೆ, ಕಚ್ಚಿದರೆ ಆಶ್ಚರ್ಯವೇನು? ಕೆಲವು ಮಕ್ಕಳು ಕೊನೆಗೆ ಹೊರಗಿನ ಲೋಕದ ಗೊಡವೆಯನ್ನೇ ಬಿಟ್ಟು ಕೂತಲ್ಲೇ ತೂಗಾಡುತ್ತವೆ, ಕಣ್ಣನ್ನು ಬೆರಳಿನಿಂದ ಒತ್ತಿಕೊಳ್ಳುತ್ತವೆ. ರೆಟಿನಾದ ಮೇಲೆ ಒತ್ತಡ ಬಿದ್ದಾಗ ಮಿಂಚಿನಂಥ ಬೆಳಕು ಕಾಣುತ್ತದೆ. ದೃಷ್ಟಿ ಇಲ್ಲದ ಮಗು ತಾನೇ ಹುಡುಕಿಕೊಂಡ ಬೆಳಕು ಅದು. ನೋಡಿದವರು ‘ಬುದ್ಧಿ ಬೆಳೆದಿಲ್ಲ’ ಎಂದು ಹೇಳಿ ಹೋಗುತ್ತಾರೆ. ಈ ಮಾತು ನನಗೆ ತೀರ ನೋವು ಕೊಡುವಂಥದ್ದು, ಏಕೆಂದರೆ ಅನೇಕ ಸಲ ಆ ಮಗುವಿನ ಬುದ್ಧಿಯನ್ನು ಯಾರೂ ಇನ್ನೂ ತಲುಪಿಯೇ ಇರುವುದಿಲ್ಲ.

1960ರ ದಶಕದಲ್ಲಿ ನೆದರ್‌ಲ್ಯಾಂಡ್ಸ್‌ನ ಯಾನ್ ವಾನ್ ಡೈಕ್ ಇಂಥ ಮಕ್ಕಳೊಡನೆ ಕೆಲಸಮಾಡಿ ಒಂದು ದಾರಿ ಕಂಡುಕೊಂಡರು. ಕಲಿಸುವವರು ಮೊದಲು ಮಗುವಿನ ಚಲನೆಯನ್ನೇ ಹಿಡಿಯಬೇಕು. ಮಗು ತೂಗಾಡುತ್ತಿದೆಯೇ? ಗದರಿಸಿ ನಿಲ್ಲಿಸಬೇಡಿ. ಅದನ್ನು ತೊಡೆಯ ಮೇಲೆ ಕೂರಿಸಿಕೊಂಡು, ಬೆನ್ನು ನಿಮ್ಮ ಎದೆಗೆ ತಾಗುವಂತೆ ಹಿಡಿದು, ಅದರ ಲಯಕ್ಕೇ ನೀವೂ ತೂಗಿ. ಸ್ವಲ್ಪ ಹೊತ್ತಾದ ಮೇಲೆ ತಟ್ಟನೆ ನಿಲ್ಲಿಸಿ, ಕಾಯಿರಿ. ಹತ್ತು ಸೆಕೆಂಡು, ಬೇಕಾದರೆ ಇನ್ನೂ ಹೆಚ್ಚು. ಒಂದು ದಿನ ಮಗು ತಾನೇ ಮೈಯನ್ನು ಚೂರು ಮುಂದಕ್ಕೆ ದೂಡುತ್ತದೆ, ಇಲ್ಲವೇ ನಿಮ್ಮ ತೊಡೆ ತಟ್ಟುತ್ತದೆ. ‘ಇನ್ನೂ ಬೇಕು’ ಎಂದು ಅದು ಹೇಳಿತು! ಕೂಡಲೇ ಮತ್ತೆ ತೂಗಬೇಕು. ನಾನು ಮಾಡಿದ್ದರಿಂದ ಆಚೆಯವರು ಏನೋ ಮಾಡಿದರು ಎಂಬ ಅರಿವಿನಿಂದಲೇ ಸಂವಹನ ಶುರುವಾಗುತ್ತದೆ. ಈ ಕಾಯುವಿಕೆಯೇ ಕಷ್ಟದ ಕೆಲಸ. ಮಮತೆಯಿರುವ ಮನೆಯಲ್ಲಿ ಮಗು ಕೇಳುವ ಮೊದಲೇ ಎಲ್ಲವನ್ನೂ ಮಾಡಿಬಿಡುತ್ತೇವೆ. ಕೇಳುವ ಅವಕಾಶವೇ ಮಗುವಿಗೆ ಸಿಗುವುದಿಲ್ಲ.

ಮುಂದಿನ ಹಂತ ವಸ್ತುಗಳದ್ದು. ಸ್ನಾನಕ್ಕೆ ಎತ್ತಿಕೊಳ್ಳುವ ಮುನ್ನ ಪ್ರತಿದಿನವೂ ಅದೇ ಚೊಂಬನ್ನು ಕೈಗೆ ಮುಟ್ಟಿಸಬೇಕು, ಊಟಕ್ಕೆ ಮುಂಚೆ ಅದೇ ತಟ್ಟೆಯನ್ನು, ಹೊರಗೆ ಹೋಗುವಾಗ ಚಪ್ಪಲಿಯನ್ನು. ಮನುಷ್ಯರಿಗೂ ಗುರುತು ಬೇಕು: ಅಮ್ಮ ಬಂದಾಗ ತನ್ನ ಬಳೆ ಮುಟ್ಟಿಸಲಿ, ಅಪ್ಪ ಕೈಗಡಿಯಾರ, ಅಜ್ಜಿ ಕಿವಿಯ ಓಲೆ. ದಿನಾ ಅದೇ ಗುರುತು, ಅದೇ ಕ್ರಮ. ವಾರಗಟ್ಟಲೆ ಏನೂ ಆಗದಂತೆ ಕಾಣಬಹುದು. ಆಮೇಲೊಂದು ಬೆಳಿಗ್ಗೆ ಚೊಂಬು ಮುಟ್ಟಿದ ಮಗು ಬಚ್ಚಲ ಕಡೆಗೆ ತಿರುಗುತ್ತದೆ. ಹಸಿವಾದಾಗ ತಾನೇ ತಟ್ಟೆ ಹುಡುಕಿ ತಂದು ಅಮ್ಮನ ಕೈಗಿಟ್ಟಿತೆಂದರೆ ಅದು ಕೇಳಲು ಕಲಿತಿದೆ. ನಾಲ್ಕೈದು ಗೂಡುಗಳಿರುವ ಒಂದು ಮರದ ಪೆಟ್ಟಿಗೆಯಲ್ಲಿ ಈ ವಸ್ತುಗಳನ್ನು ದಿನಚರಿಯ ಕ್ರಮದಲ್ಲಿ ಎಡದಿಂದ ಬಲಕ್ಕೆ ಜೋಡಿಸಿ, ಮುಗಿದ ಕೆಲಸದ ವಸ್ತುವನ್ನು ಪಕ್ಕದ ಬುಟ್ಟಿಗೆ ಹಾಕಿಸುತ್ತಾ ಹೋದರೆ, ಮಗು ಬೆರಳಿನಲ್ಲೇ ದಿನವನ್ನು ಓದುತ್ತದೆ. ‘ಆಗಲೇ’, ‘ಈಗ’, ‘ಆಮೇಲೆ’ ಎಂಬುವು ಅದಕ್ಕೆ ತಿಳಿಯುವುದು ಹೀಗೆ. ಕಾಲಕ್ರಮದಲ್ಲಿ ಇಡೀ ವಸ್ತುವಿನ ಬದಲು ಅದರ ಒಂದು ತುಂಡು, ಆಮೇಲೆ ಕೈಯೊಳಗೆ ಮಾಡುವ ಸನ್ನೆ, ಸಾಧ್ಯವಾದವರಿಗೆ ಬ್ರೈಲ್.

ಇಲ್ಲೆಲ್ಲ ಪಾಲಿಸಲೇಬೇಕಾದ ಒಂದು ನಿಯಮವಿದೆ: ಮಗುವಿನ ಕೈಯನ್ನು ಮೇಲಿನಿಂದ ಹಿಡಿದು ಎಳೆಯಬಾರದು. ಆ ಮಗು ನೋಡುವುದು, ಕೇಳುವುದು, ಮಾತಾಡುವುದು ಎಲ್ಲವೂ ಕೈಯಿಂದಲೇ. ಅದನ್ನು ಹಿಡಿದೆಳೆಯುವುದೆಂದರೆ ಯಾರೋ ನಮ್ಮ ಗದ್ದ ಹಿಡಿದು ‘ಇಲ್ಲಿ ನೋಡು’ ಎಂದು ಮುಖ ತಿರುಚಿದಂತೆ. ಬದಲಿಗೆ ನಮ್ಮ ಕೈಯನ್ನು ಅದರ ಕೈಯ ಅಡಿಗೆ ಇಟ್ಟು, ರೊಟ್ಟಿ ತಟ್ಟುವಾಗಲೋ ಲೋಟ ಎತ್ತುವಾಗಲೋ ಅದರ ಬೆರಳು ನಮ್ಮ ಕೈಮೇಲೆ ಸವಾರಿ ಮಾಡಲು ಬಿಡಬೇಕು. ಬೇಡವೆನಿಸಿದರೆ ಅದು ಕೈ ತೆಗೆಯಬಹುದು. ಆ ಸ್ವಾತಂತ್ರ್ಯವಿದ್ದರೆ ಮಗು ತಾನಾಗಿ ಮರಳಿ ಬರುತ್ತದೆ.

ಚರ್ಮದ ಸಾಮರ್ಥ್ಯ ಕಡಿಮೆಯದಲ್ಲ. ಬೆರಳ ತುದಿಗೆ ಸುಮಾರು 2 ಮಿಲಿಮೀಟರ್ ಅಂತರದ ಎರಡು ಚುಕ್ಕಿಗಳು ಬೇರೆ ಬೇರೆ ಎಂದು ತಿಳಿಯುತ್ತದೆ. ಬೆನ್ನಿನ ಮೇಲಾದರೆ 4 ಸೆಂಟಿಮೀಟರ್ ದೂರವಿದ್ದರೂ ಒಂದೇ ಎನಿಸಬಹುದು. ಬ್ರೈಲ್ ಚುಕ್ಕಿಗಳ ನಡುವಿನ ಅಂತರ ಸುಮಾರು 2.5 ಮಿಲಿಮೀಟರ್ ಇರುವುದು ಬೆರಳಿನ ಈ ಅಳತೆಗೆ ಹೊಂದಿಕೊಂಡೇ. ಚರ್ಮದ ಆಳದಲ್ಲಿರುವ ಪಾಸಿನಿಯನ್ ಕಣಗಳು ಕಂಪನವನ್ನು ಹಿಡಿಯುತ್ತವೆ. ಕೊಯ್ಲಿನ ಕಾಲದಲ್ಲಿ ಕಾಫಿ ಹಣ್ಣು ಸುಲಿಯುವ ಪಲ್ಪರ್ ಯಂತ್ರ ಓಡುವಾಗ ನೆಲಕ್ಕೆ ಅಂಗಾಲಿಟ್ಟರೆ ಕಿವುಡು ಮಗುವಿಗೂ ಅದು ಗೊತ್ತಾಗುತ್ತದೆ. ಮಿದುಳೂ ಜಾಗ ಖಾಲಿ ಬಿಡುವುದಿಲ್ಲ: ಅಂಧರು ಬ್ರೈಲ್ ಓದುವಾಗ ಅವರ ಮಿದುಳಿನ ದೃಷ್ಟಿಭಾಗ ಚುರುಕಾಗುವುದನ್ನು 1996ರಲ್ಲಿ ನೊರಿಹಿರೊ ಸದಾತೊ ಮತ್ತು ಸಂಗಡಿಗರು ತೋರಿಸಿದರು.

ದೃಷ್ಟಿ, ಶ್ರವಣ ಎರಡೂ ಪೂರ್ತಿ ಇಲ್ಲದ ಮಕ್ಕಳು ಕಡಿಮೆ ಎಂಬುದನ್ನೂ ಹೇಳಬೇಕು. ಹೆಚ್ಚಿನವರಲ್ಲಿ ಚೂರು ಬೆಳಕೋ ಚೂರು ಸದ್ದೋ ಉಳಿದಿರುತ್ತದೆ. ಕಪ್ಪು ಬಟ್ಟೆಯ ಮೇಲೆ ಬಿಳಿ ತಟ್ಟೆ, ಹೊಸ್ತಿಲಿಗೆ ಹಳದಿ ಪಟ್ಟಿ: ಇಷ್ಟರಿಂದಲೇ ಎಷ್ಟೋ ಉಪಕಾರ. ಮಲೆನಾಡಿನ ಮಳೆಗಾಲದ ತೇವಕ್ಕೆ ಕಿವಿಯ ಮಿಷನ್ ಬೇಗ ಕೆಡುತ್ತದೆ. ರಾತ್ರಿ ಅದನ್ನು ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ಮುಚ್ಚಿಡಬೇಕು.

ಕಿವುಡು-ಅಂಧತ್ವದ ಕಾರಣಗಳಲ್ಲಿ ಒಂದನ್ನು ನಾವು ತಡೆಯಬಲ್ಲೆವು. ಬಸುರಿನ ಮೊದಲ ತಿಂಗಳುಗಳಲ್ಲಿ ತಾಯಿಗೆ ರುಬೆಲ್ಲಾ ತಗಲಿದರೆ ಮಗುವಿನ ಕಣ್ಣು, ಕಿವಿ, ಹೃದಯ ಮೂರೂ ಕೆಡಬಹುದು. ಇದರ ಮೊದಲ ಸುಳಿವನ್ನು 1941ರಲ್ಲಿ ಆಸ್ಟ್ರೇಲಿಯದ ಕಣ್ಣಿನ ವೈದ್ಯ ನಾರ್ಮನ್ ಗ್ರೆಗ್ ಹಿಡಿದರು. 1964-65ರ ಹಾವಳಿಯಲ್ಲಿ ಅಮೆರಿಕವೊಂದರಲ್ಲೇ ಸುಮಾರು 20,000 ಶಿಶುಗಳು ಇದರ ಗಾಯ ಹೊತ್ತು ಹುಟ್ಟಿದವು. ನಮ್ಮಲ್ಲಿ ದಡಾರ-ರುಬೆಲ್ಲಾ ಲಸಿಕೆಯ ಅಭಿಯಾನ 2017ರ ಫೆಬ್ರುವರಿಯಲ್ಲಿ ಆರಂಭವಾದಾಗ ಮೊದಲ ಸುತ್ತಿನಲ್ಲೇ ಕರ್ನಾಟಕವಿತ್ತು. ಇನ್ನೊಂದು ಕಾರಣ ಅಷರ್ ಸಿಂಡ್ರೋಮ್: ಮಗು ಕಿವುಡಾಗಿ ಹುಟ್ಟಿ, ಬೆಳೆಯುತ್ತಾ ಮುಸ್ಸಂಜೆಯಲ್ಲಿ ಎಡವತೊಡಗಿ, ನಿಧಾನವಾಗಿ ದೃಷ್ಟಿಯನ್ನೂ ಕಳೆದುಕೊಳ್ಳುತ್ತದೆ. ತಂದೆ ತಾಯಿ ಇಬ್ಬರಿಂದಲೂ ದೋಷದ ಜೀನ್ ಬಂದಾಗ ಇದು ಕಾಣಿಸುವುದರಿಂದ ಸೋದರ ಸಂಬಂಧದ ಮದುವೆಗಳಲ್ಲಿ ಅಪಾಯ ಹೆಚ್ಚು. ಕಣ್ಣು ಇರುವಾಗಲೇ ಸನ್ನೆಭಾಷೆ, ಬ್ರೈಲ್ ಕಲಿಸಿದರೆ ಕತ್ತಲು ಬಂದಾಗ ಮಾತು ನಿಲ್ಲುವುದಿಲ್ಲ.

2011ರ ಜನಗಣತಿಯಲ್ಲಿ ಕಿವುಡು-ಅಂಧತ್ವಕ್ಕೆ ಪ್ರತ್ಯೇಕ ಕಾಲಂ ಇರಲಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಬಹುವಿಧ ಅಂಗವೈಕಲ್ಯದ ಅಡಿ ಅದನ್ನು ಹೆಸರಿಸಿತು. ದೇಶದಲ್ಲಿ ಇಂಥ ಮಕ್ಕಳ ಶಿಕ್ಷಣಕ್ಕೆ ಬುನಾದಿ ಹಾಕಿದ್ದು 1977ರಲ್ಲಿ ಬೆರೋಜ್ ವಾಚಾ ಮುಂಬೈಯಲ್ಲಿ ಆರಂಭಿಸಿದ ಹೆಲೆನ್ ಕೆಲ್ಲರ್ ಸಂಸ್ಥೆ. 1997ರಿಂದ ಅಹಮದಾಬಾದಿನ ಸೆನ್ಸ್ ಇಂಡಿಯಾ ಈ ಶಿಕ್ಷಣವನ್ನು ರಾಜ್ಯ ರಾಜ್ಯಗಳಿಗೆ ಹಬ್ಬಿಸುತ್ತಿದೆ. ಸಕಲೇಶಪುರದ ತಾಯಿಗೆ ಮುಂಬೈ ದೂರ, ಆದರೆ ಶ್ರವಣ ಪರೀಕ್ಷೆಗೆ ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಬೆರಾ ಪರೀಕ್ಷೆಯಲ್ಲಿ ನಿದ್ರಿಸುತ್ತಿರುವ ಶಿಶುವಿನ ಮಿದುಳು ಸದ್ದಿಗೆ ಕೊಡುವ ಉತ್ತರವನ್ನು ಅಳೆಯುತ್ತಾರೆ, ಮಗು ಏನೂ ಹೇಳಬೇಕಿಲ್ಲ.

ಅಂಗನವಾಡಿ ಶಿಕ್ಷಕಿಯರಲ್ಲಿ, ಆಶಾ ಕಾರ್ಯಕರ್ತೆಯರಲ್ಲಿ, ತೋಟದ ಮಾಲೀಕರಲ್ಲಿ ಒಂದು ಬೇಡಿಕೆ. ಕಿವಿ ಕೇಳದ ಮಗು ಕಂಡರೆ ಕಣ್ಣನ್ನೂ ಪರೀಕ್ಷೆ ಮಾಡಿಸಿ, ಕಣ್ಣು ಕಾಣದ ಮಗು ಕಂಡರೆ ಕಿವಿಯನ್ನೂ. ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರಿಗೂ ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿರುವ (ಬಿಆರ್‌ಸಿ) ವಿಶೇಷ ಶಿಕ್ಷಕರಿಗೂ ತಿಳಿಸಿ. ಶಾಲೆಗೆ ಬರಲಾಗದ ಮಗುವಿಗೆ ಮನೆಯಲ್ಲೇ ಪಾಠ ಸಿಗಬೇಕೆಂಬ ವ್ಯವಸ್ಥೆ ಇದೆ, ಅದನ್ನು ಕೇಳಿ ಪಡೆಯಿರಿ. ಐದನೆಯ ವಯಸ್ಸಿನವರೆಗೆ ಕಾಯಬೇಡಿ.