ಅಂಚೆಟ್ಟಿಯ ಕಾಡುಹಾದಿಯಲ್ಲಿ

ಹೊಸೂರಿನಿಂದ ದೇಂಕಣಿಕೋಟೆ, ಅಂಚೆಟ್ಟಿಗಳ ಮಾರ್ಗವಾಗಿ ಹೊಗೇನಕಲ್ಲಿಗೆ ಕಾರಿನಲ್ಲಿ ಹೊರಟೆವು. ಹೊಗೆಯೂ ಕಲ್ಲೂ ನಮ್ಮ ನುಡಿಯವೇ ಆದುದರಿಂದ ಹೆಸರೇ ನಮ್ಮನ್ನು ಕರೆಯುವಂತಿತ್ತು. 2014ರಲ್ಲಿ ಕಾವೇರಿ ಉತ್ತರ, 2022ರಲ್ಲಿ ಕಾವೇರಿ ದಕ್ಷಿಣ ಎಂದು ಎರಡು ವನ್ಯಧಾಮಗಳು ಘೋಷಿತವಾದ ಸೀಮೆಯಿದು. ಹೊಳೆಯಂಚಿನ ಮರಗಳಲ್ಲಿ ಬೂದುಬಣ್ಣದ ದೊಡ್ಡ ಅಳಿಲು, ನೀರಿನಲ್ಲಿ ನೀರುನಾಯಿ ವಾಸಿಸುತ್ತವೆ.

ಆನೆಗಳಿಗಂತೂ ರಾಜ್ಯಗಳ ಗಡಿಯೇ ಇಲ್ಲ. ರಾಗಿ ಬಲಿಯುವ ಕಾಲಕ್ಕೆ ಅವು ಬನ್ನೇರುಘಟ್ಟದ ಕಾಡಿನಿಂದ ಜವಳಗಿರಿಯತ್ತ ಬರುತ್ತವೆ. ನಮಗೆ ಅದೊಂದು ನೋಟ. ರಾತ್ರಿಯಿಡೀ ಹೊಲ ಕಾಯುವ ರೈತನಿಗೆ ವರ್ಷದ ಅನ್ನದ ಪ್ರಶ್ನೆ, ಕೆಲವೊಮ್ಮೆ ಪ್ರಾಣದ ಪ್ರಶ್ನೆ. ಇದನ್ನರಿತು, ಕಾಡಂಚಿನಲ್ಲಿ ಬಿಡಾರ ಹೂಡುವ ಆಸೆಯನ್ನು ಕೈಬಿಟ್ಟು, ಕತ್ತಲಾಗುವ ಮುನ್ನವೇ ಊರು ಸೇರಿದೆವು. ವಾಚಕರೂ ಮಕ್ಕಳೊಡನೆ ಹಗಲಿನಲ್ಲೇ ಹೋಗಿಬರಲಿ. ಬುತ್ತಿಯ ಎಂಜಲನ್ನು ಮಾತ್ರ ಅಲ್ಲಿ ಬಿಡದಿರಲಿ.